ಉಲ್ಟಾ

ನಾನು ಕೆಲಸಕ್ಕ ಸೇರಿದ ದಿನ
ಪ್ರೆಸ್ಸಿನ್ಯಾಗ ಯಾರೂ ನನ್ನ ಕೂಡ ಮಾತಾಡಲಿಲ್ಲ.
ಬೆಟಗೇರಿ, ತೊಂಬತ್ತೆಂಟನೇ ಇಸವಿ,
ಯುಗಾದಿ ಮುಂದ, ಪಂಚಾಂಗದ ಗದ್ದಲ.
ಒಂದು ಕಂಪ್ಯೂಟರ್, ಅದಕ್ಕೊಂದು ಪರದೆ,
ಅದಕ್ಕಂತನ ಒಂದು ಫ್ಯಾನು,
ಮನಿಷ್ಯಾರಿಗೆ ಇರಲಾರದ ಫ್ಯಾನು.
ಅದರ ಮುಂದ ನಾನು, ಇಪ್ಪತ್ತೊಂದರಾಕಿ.

ದಾವಲಸಾಬ ಕಾಕಾ ಆ ಕಡೆ ಗ್ವಾಡಿಗೆ ನಿಂತಿದ್ರು
ಮೊಳೆ ಜೋಡಿಸಿಕೋತ.
ಕೈ ಖಾನೆಯಿಂದ ಖಾನೆಗೆ, ಕೋಳಿ ಕಾಳು ಹೆಕ್ಕಿದಂಗ,
ಕಣ್ಣು ಮಾತ್ರ ಹಸ್ತಪ್ರತಿ ಮ್ಯಾಲೆ.
ಕ ಎಲ್ಲೈತ್ರಿ ಅಂತ ಕೇಳಿದ್ರ
ಕೈಗೆ ಗೊತ್ತು, ನನಗ ಗೊತ್ತಿಲ್ಲ, ಅಂತಿದ್ರು.

ಲಗ್ನದ ಸುಗ್ಗಿಯೊಳಗ
'ಚಿ' ಸವೀತಿತ್ತು, 'ಸೌ' ಸಾಲ್ತಿದ್ದಿಲ್ಲ.
ಎಲ್ಲಾಕಿಂತ ಮೊದಲ ತೀರತಿದ್ದದ್ದು ಪ ಒತ್ತು.
ನಮ್ಮ ಸೀಮಿಯೊಳಗ ಅಪ್ಪಂದಿರು ಭಾಳ:
ನಿಂಗಪ್ಪ, ಅಂದಾನೆಪ್ಪ, ಫಕ್ಕೀರಪ್ಪ, ಚೆನ್ನಪ್ಪ,
ಸುಖಾಗಮನ ಬಯಸೋ ಕಾಕಂದಿರೇ ನಲವತ್ತು ಮಂದಿ.
ಮೊದಲ ಇಪ್ಪತ್ತಾರು ಅಪ್ಪಂದಿರನ್ನ ಅಚ್ಚು ಹಾಕಿ,
ಬಿಚ್ಚಿ, ಸೀಮೆಎಣ್ಣೆಯಿಂದ ತೊಳದು,
ಅದೇ ಒತ್ತಿನಿಂದ ಉಳಿದವರನ್ನ ಕಟ್ಟತಿದ್ರು.

ನನ್ನ ಕಡೆ ಒತ್ತು ತೀರೂದಿಲ್ಲರಿ ಕಾಕಾ,
ಅಂದೆ ಒಂದಿನ. ಚುಚ್ಚಬೇಕಂತನ ಅಂದೆ.
ಅವರು ಕೈಯಾಗಿನ ಸಾಲನ್ನ ಹೆಬ್ಬೆರಳಿಲೆ ಒತ್ತಿ
ನೆಟ್ಟಗ ಮಾಡಿದ್ರು. ಅಷ್ಟ.

ಮೊಳೆ ಮಾರಿದ್ದು ಆರು ವರ್ಷಕ್ಕ.
ಹುಬ್ಬಳ್ಳಿಂದ ಬ್ಯಾಟರಿ ಅಂಗಡಿಯಾವ ಟೆಂಪೋ ತಂದಿದ್ದ.
ಮುನ್ನೂರಾ ಹನ್ನೆರಡು ಕಿಲೋ ಅಕ್ಷರ,
ಸ್ವರ ವ್ಯಂಜನ ಎಲ್ಲಾ ಒಂದ ಚೀಲದಾಗ.
ತೂಕದಾಗ ಮೋಸ ಆಗಬಾರದಂತ
ಕಾಕಾನ ತಕ್ಕಡಿ ಹಿಡಿದ್ರು.
ಅರ್ಧ ಕಿಲೋಕ್ಕ ಜಗಳಾನೂ ತಗದ್ರು.

ಈಗ ನನಗ ನಲವತ್ತೇಳು.
ಅಕ್ಕಾರ, ವಾಟ್ಸಾಪಿಗೆ ಹಾಕೂವಷ್ಟು ಆದ್ರ ಸಾಕ್ರಿ, ಅಂತಾರ,
ಅದನ್ನೂ ತಾವ ಮಾಡ್ಕೊಂಡು ಬರ್ತಾರ,
ದೀರ್ಘ ಎಲ್ಲಿ ಹಾಕೂದು, ಅಷ್ಟ ಕೇಳಾಕ.
ನಮ್ಮ ವಾರಪತ್ರಿಕಿ ನಾಕು ಪುಟದಿಂದ ಎರಡಕ್ಕ ಬಂದು,
ಎರಡರಿಂದ ಮಾಲಕರ ತಂಗಿ ಮಗ
ಫಕ್ಕೀರೇಶನ ಫೋನಿನ್ಯಾಗ ಹೋಗಿ ಕುಂತೈತಿ.
ಫ್ಯಾನು ಸೈತ ಈಗ ಅವನ ತಲಿಮ್ಯಾಲೆ.

ಹೋದ ತಿಂಗಳ ಮಾತು.
ನೀರು ಬಿಡೂ ದಿನದ ಪಟ್ಟಿ
ಎದುರಿನ ಗ್ವಾಡಿಗೆ ಹಚ್ಚಿ ಹೋಗಿದ್ರು.
ಫಕ್ಕೀರೇಶ ಪಟ್ಟಿಗೆ ಬೆನ್ನು ಮಾಡಿ ನಿಂತ,
ಯಾಕಂದ್ರ ಮಾರಿ ಕಾಣಬೇಕಲ್ಲ.
ಫೋನಿನ್ಯಾಗ ನೋಡ್ಕೋತ ಓದಾಕ ಹೋದ,
ಅಕ್ಷರೆಲ್ಲಾ ಉಲ್ಟಾ.
'ವಾರ್ಡ್' ಅಂದ, ನಿಂತ. ಮತ್ತ 'ವಾರ್ಡ್' ಅಂದ.
ನಾನೂ ಇಣುಕಿದೆ. ನನಗೂ ಇರಿವಿ ಹರಿದಂಗ ಕಂಡಿತು.

ಕಟ್ಟಿ ಮ್ಯಾಲೆ ಕಾಕಾ ಕುಂತಿದ್ರು, ಎಂಬತ್ತರ ಹತ್ರ.
ಕಣ್ಣಿನ್ಯಾಗ ಪೊರೆ, ಎದುರಿನ ಗ್ವಾಡಿ ಅವರಿಗೆ ಬರೇ ಸುಣ್ಣ.
ಫೋನು ಸಮೀಪ ಇತ್ತು.
ತಡಾ ಇಲ್ಲದ, ತಮ್ಮ ಪಾಡಿಗೆ ಅಂದಂಗ:
ಒಂಬತ್ತನೇ ವಾರ್ಡ್, ಮಂಗಳವಾರ, ಮುಂಜಾನೆ ಐದು.
ಹದಿಮೂರು, ಶನಿವಾರ, ರಾತ್ರಿ ಎರಡು.
ಹದಿನಾರು... ಇಲ್ಲಿ ಒಂದು ಕೊಂಬು ಬಿಟ್ಟಾರ ನೋಡಪಾ,
'ಬೆಳಗು' ಹೋಗಿ 'ಬೆಳಗ' ಆಗೇತಿ.

ಫಕ್ಕೀರೇಶ ಫೋನು ಕೆಳಗ ಇಳಿಸಲೇ ಇಲ್ಲ.
ಸಂಜಿಯೊಳಗ ಎರಡೂವರಿ ಸಾವಿರ ಮಂದಿ ಕೇಳಿದ್ರು,
ಒಬ್ಬಾಕಿ ಕೆಳಗ ಬರದಿದ್ಲು:
ಈ ಅಜ್ಜಾರ ದಿನಾ ಓದಲಿ, ಕೊಡ ತೊಳದು ಇಡಾಕ ತಿಳೀತೈತಿ.
ನಾಳಿಂದ ಬರ್ರಿ ಕಾಕಾ ಅಂದ ಅವ.
ಕಾಕಾ ಟೊಪಿಗಿ ಸರಿ ಮಾಡ್ಕೊಂಡು ಕೇಳಿದ್ರು:
ಪಗಾರ ಪುಟದ ಲೆಕ್ಕಾನೋ, ದಿನದ್ದೋ?

ನಾನು ಒಳಗ ಬಂದೆ.
ಮಶೀನಿನ್ಯಾಗ ಒಂದು ಲಗ್ನಪತ್ರ
ಅರ್ಧಕ್ಕ ನಿಂತಿತ್ತು, ಇಪ್ಪತ್ತೇಳನೇ ಅಪ್ಪನ ಹತ್ರ.
ಯಾಕೋ ಏನೋ,
ಮುಂದ ಹೊಡಿಯೂಕಿಂತ ಮೊದಲ
ಒತ್ತು ಎಣಿಸಿದೆ.