ಸಹಿಯ ಬಾಲ

ಬೆಳಗಿನ ನಾಲ್ಕೂವರೆ. ಹುಬ್ಬಳ್ಳಿ, ಗೋಕುಲ ರಸ್ತೆಯ ಡಿಪೋ.
ಡೀಸೆಲ್ ವಾಸನೆಯೊಳಗೆ ಯಾರೋ ಹಚ್ಚಿದ ಊದಿನಕಡ್ಡಿ,
ಒಂದೊಂದೇ ಎಂಜಿನ್ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದೆ.
ಕಿಟಕಿಯ ಈಚೆ ನಾನು, ಆಚೆ ಡ್ರೈವರುಗಳ ಸಾಲು,
ನಡುವೆ ದಾರ ಕಟ್ಟಿದ ಪೆನ್ನು, ಸಹಿ ಪುಸ್ತಕ.

ನಾನು ಬಂದು ಎರಡು ತಿಂಗಳಾಗಿತ್ತು.
ಮೂರು ದಿನದ ತರಬೇತಿ ಮುಗಿಸಿಯೇ ಬಂದಿದ್ದೆ, ಊಟ ಸಹಿತ:
ನಾಯಕತ್ವ, ಸಹಾನುಭೂತಿ, ಭಾವನೆಗಳ ನಿರ್ವಹಣೆ,
ಪರದೆಯ ಮೇಲೆ ಐದು ಬಗೆಯ ಹಳದಿ ಮುಖ.

ಇಮಾಮಸಾಬ ನದಾಫರಿಗೆ ನಿವೃತ್ತಿ ಹನ್ನೊಂದು ತಿಂಗಳು ದೂರ.
ಮೂವತ್ತು ವರ್ಷ ಇದೇ ಕಿಟಕಿ. ತಲೆ ಎತ್ತುತ್ತಿರಲಿಲ್ಲ.
"ಮಾರಿ ಏನ್ ನೋಡ್ತೀರಿ ಮೇಡಂ,
ಮಾರಿ ಎಲ್ಲಾರೂ ತೊಳಕೊಂಡು ಬರ್ತಾರ.
ಸಹಿ ನೋಡ್ರಿ."

ದ್ಯಾಮಣ್ಣ ಹರಕುಣಿಯ ಸಹಿಗೊಂದು ಬಾಲವಿತ್ತು.
ಣಿಯ ಗುಡಿಸಿನಿಂದ ಹೊರಟು, ಅವರೆಬಳ್ಳಿಯ ಕುಡಿಯ ಹಾಗೆ
ಪಕ್ಕದವನ ಅಂಕಣಕ್ಕೂ ಕೈ ಹಾಕುತ್ತಿತ್ತು.
ನನಗದು ಅಶಿಸ್ತು. ಒಮ್ಮೆ ಹೇಳಿಯೂ ಇದ್ದೆ:
ಗೆರೆಯೊಳಗ ಮಾಡ್ರಿ.

ಆ ಮಂಗಳವಾರ ಗೆರೆಯೊಳಗೇ ಇತ್ತು.
ನಾಲ್ಕೇ ಅಕ್ಷರ, ಗೋಡೆಗೊರಗಿ ನಿಂತವರ ಹಾಗೆ.
ಹೇಳಿದ್ದು ಕೇಳಿದನೆಂದು ಖುಷಿಪಟ್ಟೆ.
ಬುಧವಾರವೂ ಹಾಗೇ. ಗುರುವಾರ
ಹನ್ನೆರಡು ನಿಮಿಷ ತಡವಾಗಿ ಬಂದ, ಮೆಮೋ ಕೊಟ್ಟೆ.
ಮೆಮೋದ ಮೇಲೂ ಅದೇ ನಾಲ್ಕು ಅಕ್ಷರ.
ನದಾಫರು ಕನ್ನಡಕ ಒರೆಸುವುದನ್ನು ನಿಲ್ಲಿಸಿ
ನೋಡಿದರು. ಅವನನ್ನಲ್ಲ, ನನ್ನನ್ನು.

ಶುಕ್ರವಾರ ನನಗೂ ಓದಲು ಬಂತು ಅಂದುಕೊಂಡೆ.
ಕೇಳಲಿಲ್ಲ. ಪುಣೆಯ ರಾತ್ರಿ ಗಾಡಿಯಿಂದ ಹೆಸರು ತೆಗೆದು
ಕಲಘಟಗಿ ಹಾದಿಗೆ ಹಾಕಿದೆ.
ದಯೆ ತೋರಿದ ಬಿಸುಪು ಹತ್ತು ನಿಮಿಷ ಎದೆಯಲ್ಲಿತ್ತು.

ಬಂದ. ಹಲಗೆ ನೋಡಿದ.
"ಇಪ್ಪತ್ತೆರಡು ವರ್ಷ, ಗಾಡಿಗೆ ಒಂದ ಗೀರು ಬಿದ್ದಿಲ್ಲ.
ಪುಣೆ ಯಾಕ ತಗದ್ರಿ? ನಾ ಮುದುಕ ಆಗೇನೇನ್ರಿ?
ಭತ್ಯೆ ಹೋತಲ್ಲ, ಅದನ್ನ ನೀವು ಕೊಡ್ತೀರಿ?"

ಸಾಲು ಸುಮ್ಮನಾಯಿತು.
ಹಳದಿ ಮುಖ ಒಂದೂ ನೆನಪಿಗೆ ಬರಲಿಲ್ಲ.
ಬಂದದ್ದು ಸಿಟ್ಟು, ನಿಜ ಹೇಳಬೇಕೆಂದರೆ
ಉಪಕಾರ ಮಾಡಿದವಳ ಸಿಟ್ಟು, ಅದಕ್ಕೆ ಕಣ್ಣೇ ಇರುವುದಿಲ್ಲ.
ಇನ್ನೊಂದು ಮೆಮೋ ಎಳೆದುಕೊಂಡು ಬರೆಯತೊಡಗಿದೆ.
ನದಾಫರು ಹಾಳೆಯ ತುದಿಗೆ ಮೆಲ್ಲಗೆ ಬೆರಳಿಟ್ಟರು:
"ಮೇಡಂ, ನಿಮ್ಮ ಪೆನ್ನು ನೋಡ್ರಿ."

ಕೆಳಗಿನ ಮೂರು ಹಾಳೆಗೂ ಇಳಿದಿತ್ತು.
ಯಾರ ಹೆಸರಿಗೆಂದು ಇನ್ನೂ ಗೊತ್ತಿಲ್ಲದ ಮೆಮೋಗಳ ಮೇಲೆ
ಆಗಲೇ ಬಿದ್ದಿತ್ತು ನನ್ನ ಒತ್ತು.
ಹಿಂದಿನ ರಾತ್ರಿ ವಿಭಾಗ ಕಚೇರಿಯಿಂದ ಬಂದ ಫೋನು,
ಡೀಸೆಲ್ ಲೆಕ್ಕ, "ನಿಮಗ ಇದು ಆಗೂದಲ್ಲ ಬಿಡ್ರಿ" ಅಂದ ಆ ದನಿ,
ಅದನ್ನು ನಾನು ಹರಕುಣಿಯ ಹೆಸರಿಗೆ ಬರೆಯುತ್ತಿದ್ದೆ.

ಎದ್ದು ಹೊರಗೆ ಹೋದೆ, ಕಿಟಕಿಯ ಆಚೆಗೆ.
ಅಲ್ಲಿ ನಿಂತು ನೋಡಿದಾಗ ತಿಳಿಯಿತು, ಕಿಟಕಿ ಎಷ್ಟು ತಗ್ಗು.
ಬೆನ್ನು ಬಗ್ಗಿಸದೆ ಯಾರೂ ಸಹಿ ಮಾಡುವಂತಿಲ್ಲ.

"ಕೇಳಲಾರದ ತಗದೆ, ತಪ್ಪಾತು.
ಏನಾಗೇತಿ ಅಂತ ಹೇಳೂದು ಬ್ಯಾಡ.
ಪುಣೆ ಇವತ್ತ ಹೊಡೀತೀರೇನು, ಅಷ್ಟ ಹೇಳ್ರಿ."

ಬಹಳ ಹೊತ್ತು ಬೂಟಿನ ತುದಿಯಿಂದ ಟೈರು ತಟ್ಟುತ್ತ ನಿಂತರು.
"ಇವತ್ತ ಬ್ಯಾಡ," ಅಂದರು. "ನಾಳಿಗೆ ಹಾಕ್ರಿ."

ಏನಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.
ಬಾಲ ತಿರುಗಿ ಬಂತು, ಹದಿನೈದು ದಿನಕ್ಕೆ, ಸ್ವಲ್ಪ ಗಿಡ್ಡ.
ನದಾಫರು ನೋಡಿದರು, ನಾನೂ ನೋಡಿದೆ,
ಇಬ್ಬರೂ ಏನೂ ಅನ್ನಲಿಲ್ಲ.

ಕಿಟಕಿಯ ಕಟ್ಟೆ ಒಂದಡಿ ಎತ್ತರಿಸಲು ಅರ್ಜಿ ಬರೆದಿದ್ದೇನೆ.
ಬಡಿಗೇರ ಬಂದು
ಅಳತೆ ತೆಗೆದುಕೊಂಡು ಹೋಗಿದ್ದಾನೆ.