ನೀಲಿ ಎಣಿಸುವವಳು

ಓಲ್ಷ್ಟಿನ್, ಫೆಬ್ರವರಿ.
ಸರೋವರದ ಮೇಲೆ ಇನ್ನೊಂದು ಹತ್ತು ದಿನ ನಡೆಯಬಹುದು,
ಆಮೇಲಿನದಕ್ಕೆ ಯಾರೂ ಜವಾಬ್ದಾರರಲ್ಲ.

ಮೂರು ವಾರದ ಹಿಂದೆ ಅವಳನ್ನು ಮಲಗಿಸಿ
ಉಚ್ಚೆಚೀಲದ ಗೋಡೆಗೆ
ಅಲ್ಲೊಂದು ಹನಿ ಇಲ್ಲೊಂದು ಹನಿ ಬಣ್ಣ ಚುಚ್ಚಿ
ಹೊಲಿದು ಕಳಿಸಿದರು.
ದಫ್ತರದಲ್ಲಿ ಅವಳು ಏಳನೆಯ ನಂಬರು.
ಕೊಟ್ಟಿಗೆಯ ಹಿಲಾರಿಗೆ ಮಾತ್ರ ದೊರೆಸಾನಿ:
ಬೀಟ್‌ರೂಟನ್ನು ಹೆಚ್ಚಿ ಕೊಡದಿದ್ದರೆ
ಮುಖ ತಿರುಗಿಸುತ್ತಿದ್ದಳಂತೆ.

ಮಂಪರು ಇಳಿದ ಮೇಲೆ ಎದ್ದಳು, ತಿಂದಳು,
ಕಿಟಕಿ ಕೆಳಗಿನ ಅದೇ ಮೂಲೆಗೆ ಹೋಗಿ
ಉಚ್ಚೆ ಹೊಯ್ದು ಬಂದಳು.
ಹಂದಿಗೂ ತನ್ನದೇ ಒಂದು ಮೂಲೆ ಇರುತ್ತದೆ.
ತಿಳಿಯದವರು ಹಂದಿ ಎಂದು ಬೈಯುತ್ತಾರೆ.

ಅವಳು ತಿಂದು ಮಲಗಿ ಎದ್ದು ಮಾಡುವಷ್ಟರಲ್ಲಿ
ಒಳಗೆ ನೀಲಿ ಹತ್ತುತ್ತಿತ್ತು.
ನೂಲಿನ ಹೊರಗಲ್ಲ, ನೂಲಿನ ಹೊಟ್ಟೆಯಲ್ಲೇ ನಡೆದು,
ಅವಸರವಿಲ್ಲದೆ, ದಿನಕ್ಕೆ ಇಷ್ಟೇ ಎಂಬಂತೆ,
ನೂಲು ಎಲ್ಲಿ ಹುಟ್ಟಿತೋ ಆ ಮನೆಯವರೆಗೆ,
ಬೆನ್ನುಮೂಳೆಯ ಪಕ್ಕ
ಬಟಾಣಿಗಿಂತ ಚಿಕ್ಕ ಗಂಟುಗಳವರೆಗೆ.

ಇಪ್ಪತ್ತೆರಡನೆಯ ದಿನ ದೊರೆಸಾನಿ ಇಲ್ಲ.
ಹಿಲಾರಿ ಆ ದಿನ ರಜೆ ಹಾಕಿದ್ದ. ಪ್ರತಿ ಸಲವೂ ಹಾಕುತ್ತಾನೆ,
ಹಲ್ಲುನೋವು ಅನ್ನುತ್ತಾನೆ.
ಅವನ ಬಾಯಲ್ಲಿ ಅಷ್ಟು ಹಲ್ಲಿಲ್ಲ.

ಗಂಟುಗಳು ಹೆಪ್ಪುಗಟ್ಟಿ, ಹಾಳೆ ಹಾಳೆಯಾಗಿ
ನನ್ನ ಮೇಜಿಗೆ ಬಂದವು.
ನನ್ನ ಕೆಲಸ ಎಣಿಸುವುದು. ದೀಪ ಆರಿಸಿ,
ಕಣ್ಣಿಗೆ ಕಾಣದ ಬೆಳಕು ಹಾಯಿಸಿ,
ಕತ್ತಲಲ್ಲಿ ಯಾರು ಯಾರು ನೀಲಿ ಎಂದು ನೋಡುವುದು.
ಸೊಂಟದ ಹತ್ತಿರ ಒಂದು ಗುಂಪು,
ನಡುವೆ ಊರೇ ಇಲ್ಲದ ಬಯಲು,
ಬಾಲದ ಬುಡದಲ್ಲಿ ಇನ್ನೊಂದು ಗುಂಪು.
ಒಂದೇ ಚೀಲದ ಸುದ್ದಿಗೆ ಎರಡು ಅಂಚೆಮನೆ.
ನಿಯಮ ಒಂದೇ: ನಟ್ಟನಡುವಿನ ನ್ಯೂಕ್ಲಿಯಸ್ ಕಂಡರೆ ಮಾತ್ರ ಲೆಕ್ಕ.
ಇಲ್ಲದಿದ್ದರೆ ಒಬ್ಬನನ್ನೇ ಎರಡು ಸಲ ಎಣಿಸಿಬಿಡುತ್ತೇವೆ.

ನನ್ನ ತಮ್ಮ ವಿತೆಕ್ ಹೆಂಚು ಹೊದಿಸುವವನು,
ಹೊದಿಸುತ್ತಿದ್ದವನು.
ದೋಬ್ರೆ ಮಿಯಾಸ್ತೊದಲ್ಲಿ ಒಂದು ಗೋದಾಮಿನ ಮಾಡು,
ಬೆಳಗಿನ ಇಬ್ಬನಿ, ಒಂದು ಹೆಜ್ಜೆ.
ಅಂದಿನಿಂದ ಸೊಂಟದ ಕೆಳಗಿನ ಊರು
ಮೇಲಿನ ಊರಿಗೆ ಏನನ್ನೂ ಹೇಳಿ ಕಳಿಸಿಲ್ಲ.
ನಾಲ್ಕು ತಾಸಿಗೊಮ್ಮೆ ಅವನ ಮೊಬೈಲಿನಲ್ಲಿ ಕೋಳಿ ಕೂಗುತ್ತದೆ.
ಗಾಲಿಕುರ್ಚಿ ತಿರುಗಿಸಿ, ಕೊಳವೆ ಹಿಡಿದು,
ಬಾಗಿಲು ಹಾಕಿಕೊಳ್ಳುತ್ತಾನೆ.

ಜಲಬಾಧೆ ಅನ್ನುತ್ತದೆ ಜಗತ್ತು.
ಅವನು ಆ ಬಾಧೆಗೆ ಕಾಯುತ್ತಾನೆ,
ಕಾಲಿನ ನಡಿಗೆಗೂ ಅಷ್ಟು ಕಾಯುವುದಿಲ್ಲ.
'ಸಿನಿಮಾ ಮಧ್ಯೆ ತಡೆಯಲಾರದೆ ಎದ್ದು ಓಡುವುದು,
ಒಂದೇ ಒಂದು ಸಲ, ಅಕ್ಕಾ' ಅಂದ ಮೊನ್ನೆ,
ಅಂದು ನಕ್ಕ.

ಚಿಕ್ಕವರಿದ್ದಾಗ, ಡಿಸೆಂಬರಿನಲ್ಲಿ, ಹಂದಿ ಕೊಯ್ದ ದಿನ
ಆ ಚೀಲ ನಮ್ಮ ಪಾಲು.
ಇವನೇ ಬಾಯಿಟ್ಟು ಊದುತ್ತಿದ್ದ, ಕೆನ್ನೆ ಕೆಂಪಾಗುವಷ್ಟು.
ಒಳಗೆ ಒಣಬಟಾಣಿ ಹಾಕಿ, ಕಟ್ಟಿ, ಮಂಜುಗಡ್ಡೆಯ ಮೇಲೆ ಒದ್ದರೆ
ಗಲಗಲ ಗಲಗಲ
ಆಚೆ ದಡದವರೆಗೆ.
ಅದು ಏನನ್ನೋ ಹೇಳುತ್ತಿದೆ ಎಂದು
ನಮಗಾಗ ಹೊಳೆಯಲಿಲ್ಲ.

ಇವತ್ತು ಸಂಜೆ ಕೇಳಿದ, 'ಎಷ್ಟಾಯಿತು ನಿನ್ನ ನೀಲಿ?'
ಸಾವಿರದ ನೂರ ಹದಿನಾರು, ಎಡಗಡೆಯವು ಮಾತ್ರ.
'ಅಷ್ಟು ಜನ ಬೇಕೇನೇ? ಒಂದೇ ಒಂದು ಮಾತು ಹೇಳೋಕೆ?'
ಉತ್ತರ ಹುಡುಕುತ್ತಿದ್ದೆ. ಕೋಳಿ ಕೂಗಿತು.
ಅವನು ಒಳಗೆ ಹೋದ.

ಬಾಗಿಲಾಚೆ ನಲ್ಲಿಯ ಸದ್ದು.
ಅವನಿಗೆ ಹೇಳದೇ ಉಳಿದದ್ದು ಇನ್ನೊಂದಿತ್ತು:
ಕೊನೆಯ ಹಾಳೆಯ ಅಂಚಿನಲ್ಲಿ ಒಂದು,
ನ್ಯೂಕ್ಲಿಯಸ್ ಕಾಣಲಿಲ್ಲ, ಹಾಗಾಗಿ ಬರೆದುಕೊಳ್ಳಲಿಲ್ಲ.
ಆದರೆ ನೀಲಿಯಾಗಿತ್ತು.
ಕಿಟಕಿ ಕೆಳಗಿನ ಆ ಮೂಲೆಗೆ
ದೊರೆಸಾನಿ ಎದ್ದು ಹೋದಾಗಲೆಲ್ಲ
ಅದೂ ಕೂಗಿತ್ತು.