ಡೆಲ್ಟಾ ಋಣ ನಾಲ್ಕು

ಮಕಾವು ಅಂದರೆ ಚೀನಾದ ಜೂಜಿನ ಊರಲ್ಲ,
ಬ್ರೆಜಿಲಿನ ನೆತ್ತಿಯ ಮೇಲೆ ಉಪ್ಪು ಬೆಳೆಯುವ ಊರು.
ಅಸೂ ಎಂಬ ನದಿ ಇಲ್ಲಿಗೆ ಬಂದು
ಕವಲು ಕವಲಾಗಿ ಅಸು ನೀಗುತ್ತದೆ.
ಅದನ್ನು ಡೆಲ್ಟಾ ಅನ್ನುತ್ತಾರೆ.

ರಾತ್ರಿಶಾಲೆಯಲ್ಲೂ ಒಂದು ಡೆಲ್ಟಾ ಇದೆ.
ಎದಿವಾನಿಯಾ ಟೀಚರು ಹಲಗೆಯ ಮೇಲೆ ಮುಕ್ಕೋನ ಬರೆದು
ಸೀಮೆಸುಣ್ಣದ ಕೈ ಲಂಗಕ್ಕೆ ಒರೆಸಿ,
"ಬಿ ವರ್ಗ. ಅದರಿಂದ ನಾಲ್ಕು ಎ ಸಿ ಕಳೆಯಿರಿ.
ಉಳಿದದ್ದೇ ಡೆಲ್ಟಾ. ಆಮೇಲೆ ಭಾಸ್ಕರಾ ಮಾಡಿ" ಅನ್ನುತ್ತಾಳೆ.

ಭಾಸ್ಕರಾ ಮಾಡುವುದು!
ಆ ದೇಶದಲ್ಲಿ ಸೂತ್ರಕ್ಕೇ ಅದು ಹೆಸರು,
ಅಡುಗೆ ಮಾಡಿ, ಸ್ನಾನ ಮಾಡಿ ಅಂದ ಹಾಗೆ.
ಒಬ್ಬ ಮನುಷ್ಯನಿದ್ದ ಎಂದು
ಹಿಂದಿನ ಬೆಂಚಿನ ಜುಸಿಲೇಯ್ದೆಗೆ ಗೊತ್ತಿಲ್ಲ,
ಮೀನು ಸೀಳುವ ಚಾಕುವಿನ ಕಂಪನಿ ಎಂದುಕೊಂಡಿದ್ದಾಳೆ.
ನದೀಮೂಲ ಋಷಿಮೂಲ ಕೇಳಬಾರದು ಅನ್ನುತ್ತಾರೆ ನಮ್ಮ ಕಡೆ.
ಅವಳು ಕೇಳಿದ್ದೂ ಇಲ್ಲ.
ಅವಳಿಗೆ ಬೇಕಿದ್ದದ್ದು ವರ್ಗಮೂಲ.

ವಯಸ್ಸು ಐವತ್ತೊಂದು. ಹಿಮ್ಮಡಿ ಒಡೆದಲ್ಲೆಲ್ಲ ಉಪ್ಪು.
ಹನ್ನೊಂದು ವರ್ಷದಿಂದ ಒಂದು ಉಪ್ಪಿನ ಪಾತಿ, ಗೇಣಿಗೆ.
ಕರಾರುಪತ್ರ ಮಡಚಿ ಮಡಚಿ ನಾಲ್ಕು ತುಂಡಾಗಿದೆ:
ಸುತ್ತಳತೆ ಇಪ್ಪತ್ತೆಂಟು ಮಾರು,
ವಿಸ್ತೀರ್ಣ ಐವತ್ತು ಚದರ ಮಾರು,
ಗೇಣಿ ಐವತ್ತರ ಲೆಕ್ಕಕ್ಕೆ.
ಕೆಳಗೆ ಒತಾವಿಯಾನು ಸಾಹುಕಾರನ ಸಹಿ,
ಬಾಲ ಉದ್ದ.

ಮನೆಯಿಂದ ಒಂದು ಲೆಕ್ಕ ತನ್ನಿ ಅಂದಿದ್ದಳು ಟೀಚರು.
ಇವಳು ಡೆಸ್ಕಿನ ಮೇಲೆ ತುಂಡುಗಳನ್ನು ಜೋಡಿಸಿದಳು.
ಉದ್ದ ಅಗಲ ಕೂಡಿದರೆ ಹದಿನಾಲ್ಕು,
ಗುಣಿಸಿದರೆ ಐವತ್ತು.
ಎಕ್ಸ್ ವರ್ಗ, ಕಳೆ ಹದಿನಾಲ್ಕು ಎಕ್ಸ್, ಕೂಡು ಐವತ್ತು,
ಸೊನ್ನೆಗೆ ಸಮ.
ಇಲ್ಲಿಯವರೆಗೆ ಪೆನ್ಸಿಲು ಚೆನ್ನಾಗಿ ಓಡಿತು.

ನೂರ ತೊಂಬತ್ತಾರು. ಕಳೆ ಇನ್ನೂರು.

ರಬ್ಬರಿನಿಂದ ಉಜ್ಜಿದಳು. ಮತ್ತೆ ಬರೆದಳು.
ಮತ್ತೆ ಅದೇ. ಕಾಗದ ತೂತಾಯಿತು.
"ನನಗೆ ಬರುತ್ತಿಲ್ಲ ಟೀಚರ್, ಋಣ ನಾಲ್ಕು ಬಂತು."
ಎದಿವಾನಿಯಾ ಬಗ್ಗಿ ನೋಡಿದಳು. ಫ್ಯಾನು ಕಿರಗುಟ್ಟಿತು.
"ಸರಿಯಾಗೇ ಬಂದಿದೆ.
ಋಣಕ್ಕೆ ವರ್ಗಮೂಲವಿಲ್ಲ. ಮೇಲಿನ ಕ್ಲಾಸಿನಲ್ಲಿ
ಅದಕ್ಕೂ ಒಂದು ಕೊಡುತ್ತಾರೆ,
ಆದರೆ ಅಲ್ಲಿ ಉಪ್ಪು ಒಣಗುವುದಿಲ್ಲ."
"ಅಂದರೆ?"
"ಅಂದರೆ ಇಂಥ ಪಾತಿಯೇ ಇಲ್ಲ.
ಇಪ್ಪತ್ತೆಂಟು ಮಾರು ಹಗ್ಗವನ್ನು ನಾಲ್ಕು ಮೂಲೆಗೆ ಹೇಗೆ ಎಳೆದರೂ,
ಏಳಕ್ಕೆ ಏಳು ಚಚ್ಚೌಕ ಎಳೆದರೂ
ನಲವತ್ತೊಂಬತ್ತು ದಾಟುವುದಿಲ್ಲ."

ಇಲ್ಲದ ಪಾತಿ.
ಹನ್ನೊಂದು ವರ್ಷ ಅದರಲ್ಲಿ ಮೊಣಕಾಲುದ್ದ ನಿಂತಿದ್ದಾಳೆ.

ಹೊತ್ತು ಮೂಡುವ ಮುಂಚೆ ಹಗ್ಗ ಹಿಡಿದು ಹೋದಳು.
ಒಂದು ತುದಿ ಗೂಟಕ್ಕೆ ಕಟ್ಟಿ
ಎರಡೂ ಕೈ ಚಾಚಿ ಮಾರು ಮಾರಾಗಿ ಎಣಿಸಿದಳು.
ಸಮುದ್ರದ ಕಡೆಗೆ ಎಂಟು.
ಗಾಳಿಗಿರಣಿಯ ಕಡೆಗೆ ಆರು.
ನಲವತ್ತೆಂಟು.
ಎರಡು ಚದರ ಮಾರು, ವರ್ಷ ವರ್ಷವೂ,
ಯಾರೂ ಕಾಲಿಡದ ಬಿಳಿ ನೆಲಕ್ಕೆ ಗೇಣಿ.

ಒತಾವಿಯಾನು ಕಾಫಿ ಕಲಕುತ್ತ ನಕ್ಕ.
"ಎರಡು ಮಾರಿಗೆ ಇಷ್ಟು ದೂರ ನಡೆದು ಬಂದೆಯಾ?"
ಅವಳು ನೋಟುಬುಕ್ಕು ತೆರೆದಿಟ್ಟಳು,
ತೂತು ಬಿದ್ದ ಹಾಳೆಯನ್ನೇ.
"ಭಾಸ್ಕರಾ ಮಾಡಿದೆ" ಅಂದಳು.
"ಋಣ ನಾಲ್ಕು ಬಂತು. ಋಣ ನನ್ನ ಕಡೆಯದಲ್ಲ."
ಅವನು ಬಹಳ ಹೊತ್ತು ನೋಡಿದ ಆ ಪುಟವನ್ನು,
ತಲೆಕೆಳಗಾಗಿ ಹಿಡಿದು.

ದುಡ್ಡು ಬಂತೋ ಇಲ್ಲವೋ ನಾನರಿಯೆ.
ಮುಂದಿನ ವಾರ ಟೀಚರು ಐವತ್ತನ್ನು ಅಳಿಸಿ
ನಲವತ್ತೆಂಟು ಬರೆದಳು.
ಡೆಲ್ಟಾ ನಾಲ್ಕು, ಅದರ ಮೂಲ ಎರಡು,
ಹದಿನಾಲ್ಕಕ್ಕೆ ಕೂಡಿ ಅರ್ಧ, ಹದಿನಾಲ್ಕರಲ್ಲಿ ಕಳೆದು ಅರ್ಧ:
ಎಂಟು, ಆರು.

"ಎರಡರಲ್ಲಿ ಸರಿ ಯಾವುದು?"
ಮುಂದಿನ ಬೆಂಚಿನ ಹಮಾಲಿ ಹುಡುಗ ಕೇಳಿದ.
ಟೀಚರು ಬಾಯಿ ತೆರೆಯುವ ಮುಂಚೆಯೇ
ಹಿಂದಿನಿಂದ ಜುಸಿಲೇಯ್ದೆ:
"ನೀನು ಯಾವ ಕಡೆ ಮುಖ ಮಾಡಿ ನಿಂತಿದ್ದೀಯ,
ಮೊದಲು ಅದು ಹೇಳು."